ಕೆಂಪು ರಿಬ್ಬನ್ನಿನ ಕೀ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಅದೇ ಕನಸು. ಶೋರೂಮಿನಲ್ಲಿ ನಿಂತಿದ್ದೇನೆ, ಮುಂದೆ ದೊಡ್ಡ ಸ್ಕೂಟರು, ಸುತ್ತ ಜನ. ಟ್ರಾಕ್ಷನ್ ಕಂಟ್ರೋಲ್ ಅಂದರೇನು ಎಂದು ಯಾರೋ ಕೇಳುತ್ತಾರೆ. ಬಾಯಿ ತೆರೆದರೆ ಏಳರ ಮಗ್ಗಿ ಬರುತ್ತದೆ. ಅದೂ ತಪ್ಪು ತಪ್ಪು.

ನಾದಿನಿಗೆ ನಗು. "ಅತ್ತಿಗೆ, ನಿದ್ದೇಲೂ ಸ್ಕೂಟರಿನ ಮುಂದಿನ ಗಾಜು ಏರಿಸ್ತಾ ಇಳಿಸ್ತಾ ಇದ್ರಿ. ನನ್ನ ಹೊದಿಕೇನೂ ಏರಿಸ್ಕೊಂಡ್ರಿ."

ಇವತ್ತು ನರ್ಸ್ ಮೇಡಂಗೆ ಗಾಡಿ ಡೆಲಿವರಿ. ಗಾಡಿ ಕೊಡುವಾಗ ಎಲ್ಲ ವಿವರಿಸುವುದು ನನ್ನ ಕೆಲಸ. ಎಂಟನೇ ಕ್ಲಾಸು ಅರ್ಧಕ್ಕೇ ಬಿಟ್ಟವಳು, ಗಾಡಿಯ ಪುಸ್ತಕ ಇಂಗ್ಲಿಷಿನದು. ಎಲ್ಲ ಕೇಳಿ ಕೇಳಿ ಬಾಯಿಪಾಠ. ಟ್ರಾಕ್ಷನ್ ಕಂಟ್ರೋಲ್ ಅಂದರೆ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಎಂಜಿನ್ ತಾನೇ ತಗ್ಗುತ್ತದೆ. ಸೀಟಿನ ಕೆಳಗೆ ಎರಡು ಹೆಲ್ಮೆಟ್ಟು, ಒಳಗೆ ದೀಪ...

ಮೇಡಂ ಅವರ ತಾಯಿ ಸಮುದ್ರ ನೋಡಿಲ್ಲವಂತೆ. ಮಂಡಿ ಪೂರ್ತಿ ಮಡಚುವುದಿಲ್ಲ. ಹಿಂದಿನ ಸೀಟು ಅಗಲ, ಬೆನ್ನಿಗೆ ಒರಗು ಇದೆ ಎಂದೇ ಈ ಗಾಡಿ ಆರಿಸಿದ್ದು. ಶೋರೂಮಿನಿಂದ ನೇರ ಸಮುದ್ರಕ್ಕೆ.

ಅದೇ ದಿನ, ಸಂಜೆ

ಎಲ್ಲ ಸರಿಯಾಗಿ ಹೇಳಿದ್ದೆ. ಕೀ ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಸ್ಟಾರ್ಟ್ — ಮಾಡಿಯೂ ತೋರಿಸಿದೆ. ಎಲ್ಲರೂ ಸೇರಿ ಫೋಟೋ. ತಾಯಿಯನ್ನು ನಾನೇ ಹಿಡಿದು ಹತ್ತಿಸಿದೆ.

ಹೊರಟು ಗೇಟಿನ ಹತ್ತಿರ ಹೋಗುತ್ತಲೇ ಮೀಟರಿನಲ್ಲಿ ಕಿತ್ತಳೆ ಬಣ್ಣದ ಸಣ್ಣ ಗುರುತು ಮಿನುಗಿತಂತೆ. ಏನಿದು ಎಂದು ಅಲ್ಲಿಂದಲೇ ಕೂಗಿ ಕೇಳಿದರು ಮೇಡಂ. ನಾನು ಕಲಿತ ಗುರುತಲ್ಲ. ಪುಸ್ತಕ ತೆಗೆದರೆ ಓದಬೇಕು, ಅಷ್ಟು ಜನರ ಮುಂದೆ. "ಹೊಸ ಗಾಡಿ ಮೇಡಂ, ಹೋಗ್ತಾ ಹೋಗ್ತಾ ಆರುತ್ತೆ" ಎಂದುಬಿಟ್ಟೆ.

ಮಧ್ಯಾಹ್ನ ಫೋನು. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಗಾಡಿ ಆಫ್ ಮಾಡಿದ್ದಾರೆ, ಮತ್ತೆ ಸ್ಟಾರ್ಟ್ ಇಲ್ಲ. ಸೀಟೂ ತೆರೆಯುತ್ತಿಲ್ಲ, ತಾಯಿಯ ಮಾತ್ರೆ ಅದರೊಳಗೆ. ಕೀ ದಾರಿಯಲ್ಲಿ ಬಿದ್ದಿದೆ ಎಂದರು ಮ್ಯಾನೇಜರ್. ಚೀಲ ಸರಿಯಾಗಿ ನೋಡಿ ಅಂತ ನಾನೂ ಹೇಳಿದೆ. ಕಾಗದಪತ್ರದ ಜೊತೆ ಕೀಯೂ ತಾಯಿಯ ಚೀಲದಲ್ಲಿತ್ತು ಅಂದುಕೊಂಡಿದ್ದರು ಮೇಡಂ. ನಂಬರ್ ಪ್ಲೇಟ್ ಬರುವವರೆಗೆ ಎರಡನೇ ಕೀ ಅಂಗಡಿಯಲ್ಲೇ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಮೆಕ್ಯಾನಿಕ್ ಅದನ್ನು ಹಿಡಿದು ಹೋಗಿದ್ದಾನೆ. ಪಾಪ, ಸಮುದ್ರ ಹೋಯಿತು.

ಮಾರ್ಚ್ 5

ಶೋರೂಮಿನಲ್ಲಿ ಹಾಕುವ ನನ್ನ ಏಪ್ರನ್ ಒಗೆಯಲು ತೆಗೆದಳು ನಾದಿನಿ. "ಅತ್ತಿಗೆ, ಇದು ಯಾರದ್ದು?"

ಕೀ. ಕೆಂಪು ರಿಬ್ಬನ್ ಕಟ್ಟಿದ್ದು. ಡೆಲಿವರಿಗೆ ನಾನೇ ಕಟ್ಟಿದ್ದು.

ಸ್ಟಾರ್ಟ್ ಮಾಡಿ ತೋರಿಸಿದವಳು ನನ್ನ ಜೇಬಿಗೇ ಹಾಕಿಕೊಂಡಿದ್ದೇನೆ. ಓಡುತ್ತಿರುವ ಗಾಡಿ ಕೀ ಇಲ್ಲದಿದ್ದರೂ ಓಡುತ್ತದೆ, ನಿಂತ ಮೇಲೆ ಏಳುವುದಿಲ್ಲ. ಕೀ ಹತ್ತಿರವಿಲ್ಲ ಅಂತಲೇ ಆ ಕಿತ್ತಳೆ ಗುರುತು ಹೇಳುತ್ತಿತ್ತು.

ಅಂಗಡಿಗೆ ಹೋಗಿ ಹೇಳುತ್ತೇನೆ ಅಂತ ಹೊರಟೆ. ಹೇಳಲಿಲ್ಲ.

ಮಾರ್ಚ್ 8

ಮೇಡಂ ಬಂದಿದ್ದರು. ಕಳೆದ ಕೀ ಬದಲಿಗೆ ಹೊಸದು ಬೇಕೆಂದು ಮಾತಾಡಲು ಒಳಗೆ ಹೋದರು. ತಾಯಿ ಹೊರಗೆ ಗಾಡಿಗೆ ಒರಗಿ ನಿಂತಿದ್ದರು. ಹತ್ತಿರ ಹೋದೆ. ಅಜ್ಜಿ ಸುಮ್ಮನೆ ಗುಂಡಿ ಮುಟ್ಟಿದರು... ಮೀಟರು ಹೊತ್ತಿಕೊಂಡಿತು. ಕೀ ನನ್ನ ಜೇಬಿನಲ್ಲಿತ್ತಲ್ಲ.

"ಮಗಳ ಕೀ ಒಳಗೆ ಅವಳ ಹತ್ರ ಇದೆ. ಹಂಗಾದ್ರೆ ಕಳೆದಿದ್ದು ಇಲ್ಲೇ ಎಲ್ಲೋ ಇದೆ ಕಣಮ್ಮ" ಎಂದು ಚೀಲವನ್ನು ಸೀಟಿನ ಮೇಲೆ ಸುರಿದರು. "ನನ್ನ ಕಣ್ಣು ಮಂಜು, ನೀನೇ ನೋಡು."

ನೋಡಿದೆ. ಬರಿದಾದ ಚೀಲದ ಒಳಮಡಿಕೆಗೆ ಕೈ ಹಾಕಿದೆ, ಮುಷ್ಟಿಯಲ್ಲಿದ್ದುದನ್ನು ಬಿಟ್ಟೆ, ಮತ್ತೆ ಎತ್ತಿ ತೋರಿಸಿದೆ. ಇಷ್ಟನ್ನೂ ಮಾಡಿದ್ದು ಈ ಕೈ.

ಅಜ್ಜಿಯ ಮುಖ ಅರಳಿತು. ಆಮೇಲೆ ಬಾಡಿತು. "ಮೂರು ಸಲ ನೋಡಿದ್ದೆನಲ್ಲ... ನನ್ನ ತಲೆ ಹೋಗ್ತಿದೆ ಕಣಮ್ಮ."

ಮೇಡಂ ಬಂದರು. ಬಯ್ಯಲಿಲ್ಲ. ತಾಯಿಯನ್ನು ಒಂದು ಥರ ನೋಡಿದರು, ಆಸ್ಪತ್ರೆಯಲ್ಲಿ ನೋಡುವ ಹಾಗೆ.

ಮಾರ್ಚ್ 19

ಬರೆಯುವ ಮುಖ ಇರಲಿಲ್ಲ.

ಮೇಡಂ ಮೊದಲ ಸರ್ವಿಸಿಗೆ ಬಂದಿದ್ದರು, ಒಬ್ಬರೇ. ಅಮ್ಮ ಹೇಗಿದ್ದಾರೆ ಎಂದೆ. ಮರೆವಿನ ಡಾಕ್ಟರಿಗೆ ತೋರಿಸುತ್ತಿದ್ದಾರಂತೆ. ಒಲೆ ಹಚ್ಚಲು ಬಿಡುತ್ತಿಲ್ಲ. ಹೊರಗೆ ಒಬ್ಬರನ್ನೇ ಕಳಿಸುತ್ತಿಲ್ಲ. ಹಿಂದಿನ ಒರಗು ಬಿಚ್ಚಿಬಿಡಿ, ಇನ್ನು ಅದು ಬೇಡ ಎಂದರು.

ಮೆಕ್ಯಾನಿಕ್ ಬಿಚ್ಚಿದ. ಬೋಲ್ಟು ನಾನೇ ಹಿಡಿದುಕೊಂಡಿದ್ದೆ.

ಮಾರ್ಚ್ 20, ಬೆಳಿಗ್ಗೆ

ಡೆಲಿವರಿ ಫೋಟೋ ಗೋಡೆಗೆ ಅಂಟಿಸಿದ್ದಾರೆ. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ. ಇವತ್ತು ಹತ್ತಿರ ಹೋಗಿ ನೋಡಿದೆ. ಯಾರಿಗೂ ಕಾಣಿಸಿಲ್ಲವಲ್ಲ...

ಮೇಡಂಗೆ ಕಳಿಸುವ ಮುಂಚೆ ಇಲ್ಲಿ ಬರೆದು ನೋಡುತ್ತೇನೆ. ಅಕ್ಷರ ತಪ್ಪಿದ್ದರೆ ಇರಲಿ.

ಮೇಡಂ, ಅಮ್ಮನ ತಲೆ ಚೆನ್ನಾಗಿದೆ. ಚೀಲದಲ್ಲಿ ಕೀ ಇರಲಿಲ್ಲ, ಅವರು ಸರಿಯಾಗೇ ನೋಡಿದ್ದರು. ನಿಮ್ಮ ಫೋನಿನಲ್ಲೂ ಆ ಫೋಟೋ ಇದೆ. ದೊಡ್ಡದು ಮಾಡಿ ಇನ್ನೊಂದು ಸಲ ನೋಡಿ. ಅಮ್ಮನ ಚೀಲವನ್ನಲ್ಲ. ನನ್ನ ಬಲಗಡೆ ಜೇಬು, ಅಂಚಿನಲ್ಲಿ ಕೆಂಪಗೆ —