ನಲ್ಲಿಯ ಎತ್ತರ ಮತ್ತು ಕಾಣೆಯಾದ ಒಂದು ಸ್ಟೂಲು

ಮಾನ್ಯ ಶಾಲಾ ಮೌಲ್ಯಮಾಪನ ಅಧಿಕಾರಿಗಳೇ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ಕಳೆದ ತಿಂಗಳ ಮೂರನೆಯ ಶುಕ್ರವಾರ ಸಂಜೆ ನಾಲ್ಕೂಮುಕ್ಕಾಲಿಗೆ, ಪೂರ್ಣ ಪ್ರಜ್ಞೆಯಲ್ಲಿದ್ದು, ಯಾರ ಆಮಿಷಕ್ಕೂ ಒತ್ತಾಯಕ್ಕೂ ಒಳಗಾಗದೆ, ನನ್ನ ಮಗಳು ಓದುವ ಪ್ರಾಥಮಿಕ ಶಾಲೆಯ ಅಂಗಳದಿಂದ ಒಂದು ಮರದ ಸ್ಟೂಲನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಸಾಗಿಸಿದೆ. ಸ್ಟೂಲಿಗೆ ಕಾಲು ನಾಲ್ಕು. ಅದು ನಿಲ್ಲುತ್ತಿದ್ದದ್ದು ಮೂರರ ಮೇಲೆ. ಕೃತ್ಯದಲ್ಲಿ ನನಗೊಬ್ಬಳು ಸಹಚರಳಿದ್ದಳು. ವಯಸ್ಸು ಏಳು, ಎರಡನೇ ತರಗತಿ, ಮನೆಯಲ್ಲಿ ಕರೆಯುವ ಹೆಸರು ಸಾಸಿವೆ. ಗೇಟಿನ ಬಳಿ ನಿಂತು ಯಾರಾದರೂ ಬರುತ್ತಾರಾ ಎಂದು ನೋಡುವ ಹೊಣೆ ಅವಳದು. ಆ ಹೊಣೆಯನ್ನು ಅವಳು ಎಷ್ಟು ಚೆನ್ನಾಗಿ ನಿಭಾಯಿಸಿದಳೆಂದರೆ, ದಾರಿಯಲ್ಲಿ ಸಿಕ್ಕ ಮೂವರಿಗೂ "ನಾವು ಸ್ಟೂಲ್ ಕದೀತಾ ಇದ್ದೀವಿ" ಎಂದು ತಿಳಿಸಿಯೇ ಮುಂದೆ ಬಂದಳು.

ಇದನ್ನು ಈಗ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲು ಕಾರಣ ನನ್ನ ಆತ್ಮಸಾಕ್ಷಿಯಲ್ಲ, ನಿಮ್ಮ ವರದಿ. ಅದರಲ್ಲಿ 'ಸುಧಾರಣೆ ಅಗತ್ಯವಿರುವ ಅಂಶಗಳು' ಎಂಬ ತಲೆಬರಹದ ಕೆಳಗೆ ಮೊಟ್ಟಮೊದಲ ಸಾಲು: 'ದಾಸ್ತಾನಿನಲ್ಲಿ ನಮೂದಾಗಿರುವ ಒಂದು ಸ್ಟೂಲು ಸ್ಥಳದಲ್ಲಿ ಇರುವುದಿಲ್ಲ. ಆಯಾ ಹೊಣೆಗಾರರು.' ಈ ಒಂದೂವರೆ ಸಾಲಿನ ಬಾಲ ಹಿಡಿದು ಶಾಲೆಯ ಆಯಾ, ಮಕ್ಕಳ ಆಯಮ್ಮನ ಕೈಗೆ ನೋಟೀಸು ಬಂದಿದೆ. ಶುಕ್ರವಾರದೊಳಗೆ ಸಮಾಧಾನಕರ ವಿವರಣೆ ಕೊಡದಿದ್ದರೆ ಒಂದನೇ ತಾರೀಖಿನಿಂದ ಕೆಲಸಕ್ಕೆ ಬರಬೇಕಾಗಿಲ್ಲವಂತೆ. ಇವತ್ತು ಮಂಗಳವಾರ. ಕದ್ದವನು ಮನೆಯಲ್ಲಿ ಕಾಲು ಚಾಚಿ ಕೂತಿದ್ದಾನೆ, ಕಾಯ್ದವರು ಕೆಲಸ ಕಳೆದುಕೊಳ್ಳುತ್ತಿದ್ದಾರೆ. ಇದನ್ನು ಯಾವ ಶಾಸ್ತ್ರದಲ್ಲಿ ಮೌಲ್ಯಮಾಪನ ಎನ್ನುತ್ತಾರೆ, ಸ್ವಾಮಿ?

ನೀವು ಶಾಲೆಗೆ ದಯಮಾಡಿಸಿದ್ದು ಕಳ್ಳತನದ ಮರುದಿನ, ಶನಿವಾರ ಮಧ್ಯಾಹ್ನ ಎರಡು ಗಂಟೆಗೆ. ಮಕ್ಕಳು ಹನ್ನೆರಡಕ್ಕೇ ಮನೆ ಸೇರಿಯಾಗಿತ್ತು. ನಿಮ್ಮನ್ನು ಎದುರುಗೊಳ್ಳಲು ಉಳಿದಿದ್ದವರು ಮೂವರು: ಮಕ್ಕಳ ಬಾಯಲ್ಲಿ 'ದೊಡ್ಡ ಮಿಸ್' ಆಗಿರುವ ಮುಖ್ಯೋಪಾಧ್ಯಾಯಿನಿ, ಆಯಮ್ಮ, ಮತ್ತು ಗೋಡೆ ಗಡಿಯಾರ. ನಿಮ್ಮ ವರದಿಯ ಪ್ರತಿ ಸೂಚನಾ ಫಲಕದ ಮೇಲಿದೆ; ನಿಂತುಕೊಂಡೇ ಮೂರು ಸಲ ಓದಿದೆ. 'ಶಾಲೆಯ ಬಲಗಳು' ಎಂದು ಹನ್ನೊಂದು ಅಂಶ ಪಟ್ಟಿ ಮಾಡಿದ್ದೀರಿ. 'ಮಕ್ಕಳ ಶಿಸ್ತು ಅತ್ಯುತ್ತಮ, ಗದ್ದಲ ಕಂಡುಬರಲಿಲ್ಲ.' ಒಪ್ಪಿದೆ. ಮಕ್ಕಳೇ ಇಲ್ಲದ ಶಾಲೆಯಷ್ಟು ಶಿಸ್ತಿನ ಶಾಲೆ ಭೂಮಿಯ ಮೇಲೆ ಇನ್ನೊಂದಿಲ್ಲ. 'ಶೌಚಾಲಯದ ಮುಂದೆ ಸಾಲು ಇರುವುದಿಲ್ಲ.' ಹೌದು, ಸಾಲಾಗಿ ನಿಲ್ಲಬೇಕಾದವರು ಆಗ ಅವರವರ ಮನೆಯಲ್ಲಿ ಉಂಡು ಮಲಗಿದ್ದರು. 'ಮೈದಾನ ವಿಶಾಲವಾಗಿದೆ.' ಇನ್ನೂರ ಹತ್ತು ಮಕ್ಕಳು ಒಟ್ಟಿಗೇ ಅದರೊಳಗೆ ಬಿದ್ದಾಗ ಆ ವೈಶಾಲ್ಯ ಎಲ್ಲಿ ಅಡಗಿಕೊಳ್ಳುತ್ತದೋ ನನಗೂ ತಿಳಿಯದು. ಇಂಥ ವರದಿ ಓದಿದರೆ ಯಾವ ತಂದೆಗಾದರೂ ಮಗಳನ್ನು ಬಿಡಿಸಿ ತಾನೇ ಸೇರಿಬಿಡೋಣ ಅನ್ನಿಸುತ್ತದೆ.

ಆದರೆ ಏಳನೆಯ ಬಲದ ಮುಂದೆ ನನ್ನ ನಗು ನಿಂತಿತು. 'ಕುಡಿಯುವ ನೀರಿನ ವ್ಯವಸ್ಥೆ ಉತ್ತಮ. ನಲ್ಲಿಗಳು ಅನುಕೂಲಕರ ಎತ್ತರದಲ್ಲಿವೆ. ಕಟ್ಟೆ ಒಣಗಿದ್ದು ಸ್ವಚ್ಛವಾಗಿದೆ.' ನೀವೇ ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ ಕುಡಿದು, "ನೀರು ಚೆನ್ನಾಗಿದೆ" ಎಂದಿರಂತೆ. ದೊಡ್ಡ ಮಿಸ್ ಹೇಳಿದರು. ಅನುಕೂಲಕರ ಎಂದರೆ ಯಾರಿಗೆ? ನಿಮಗೆ. ಆ ಶಾಲೆಯಲ್ಲಿ ಒಂದನೇ ತರಗತಿಗೆ ನೀವು ಸೇರಿಲ್ಲ ಎಂಬ ಒಂದೇ ಕೊರತೆ ಬಿಟ್ಟರೆ ಪರೀಕ್ಷೆ ಸರಿಯಾಗಿಯೇ ನಡೆದಿದೆ.

ನನ್ನ ಉದ್ಯೋಗ ಹೇಳಿಬಿಡುತ್ತೇನೆ, ವಾದಕ್ಕೆ ಬೇಕು. ಕಟ್ಟಡ ಕಟ್ಟುವವರ ಕಚೇರಿಯೊಂದರಲ್ಲಿ ನಾನು ನಕ್ಷೆ ಬರೆಯುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಅಂಗಿ ಮರೆತರೂ ಅಳತೆ ಟೇಪು ಮರೆಯದವನು. ನಾನು ಬರೆದ ಮೆಟ್ಟಿಲಿನಲ್ಲಿ ಇದುವರೆಗೆ ಯಾರೂ ಎಡವಿಲ್ಲ, ನಾನು ಇಟ್ಟ ಬಾಗಿಲಿಗೆ ಯಾರೂ ತಲೆ ಬಡಿದುಕೊಂಡಿಲ್ಲ. ನನ್ನ ಅಳತೆ ಒಂದು ಬೆರಳಿನಷ್ಟೂ ತಪ್ಪುವುದಿಲ್ಲ ಎಂದು ಹೇಳಿಕೊಳ್ಳುವುದು ನನಗೆ ಅಭ್ಯಾಸ. ("ನಿಮ್ಮ ಟೇಪಿಗೆ ಅಳತೆ ಇದೆ, ನಿಮ್ಮ ಮಾತಿಗೆ ಇಲ್ಲ" ಎನ್ನುವುದು ನನ್ನ ಹೆಂಡತಿಗೆ ಅಭ್ಯಾಸ.) ಇಂಥವನು ಒಂದು ದಿನ ಶಾಲೆಯ ನಲ್ಲಿಯನ್ನು ಅಳೆದ. ನೆಲದಿಂದ ನಲ್ಲಿಯ ಬಾಯಿಗೆ ನೂರ ಹನ್ನೆರಡು ಸೆಂಟಿಮೀಟರ್. ಮುಂದೆ ಅರವತ್ತು ಸೆಂಟಿಮೀಟರ್ ಅಗಲದ ಕಲ್ಲಿನ ಕಟ್ಟೆ. ನನ್ನ ಮಗಳ ಎತ್ತರ, ಜುಟ್ಟು ಸೇರಿಸಿ, ನೂರ ಒಂಬತ್ತು. ಟೇಪಿನ ಮೇಲಿನ ನೂರ ಹನ್ನೆರಡನ್ನು ಇನ್ನೊಮ್ಮೆ ನೋಡಿ, ಸದ್ದಿಲ್ಲದೆ ಟೇಪನ್ನು ಜೇಬಿಗೆ ಸೇರಿಸಿದೆ.

ಅಳೆಯಲು ಹೋದದ್ದೇಕೆಂದರೆ, ಎರಡು ತಿಂಗಳ ಹಿಂದೆ ಸಾಸಿವೆಗೆ ಜ್ವರ ಬಂತು. ಮೂತ್ರಕ್ಕೆ ಹೋಗುವಾಗ ಉರಿ ಎಂದು ಅತ್ತಳು. ಡಾಕ್ಟರು ಪರೀಕ್ಷೆ ಮಾಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಮಗು ದಿನಕ್ಕೆ ಎಷ್ಟು ನೀರು ಕುಡಿಯುತ್ತೆ?" ಎಂದರು. ನಾನು ಹೆಂಡತಿಯ ಮುಖ ನೋಡಿದೆ, ಹೆಂಡತಿ ಮಗಳ ಮುಖ ನೋಡಿದಳು.

"ಬಾಟಲಿ ಕಳಿಸ್ತೀವಲ್ಲ ಪುಟ್ಟಾ, ಕುಡಿಯಲ್ವಾ?"

"ಹತ್ತೂವರೆಗೇ ಖಾಲಿ ಆಗುತ್ತೆ."

"ತುಂಬಿಸ್ಕೋಬೇಕು ತಾನೆ?"

"ತುಂಬಿಸ್ಕೋಬೇಕಂದ್ರೆ ಆಯಮ್ಮ ಎತ್ತಬೇಕು. ಆಯಮ್ಮಂಗೆ ಬೆನ್ನು ನೋವು. ಅದಕ್ಕೇ ನಾವು ನಾಲ್ಕು ಜನ ಟರ್ನ್ ಹಾಕ್ಕೊಂಡಿದೀವಿ. ನಂದು ಸೋಮವಾರ, ಗುರುವಾರ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಸೋಮವಾರ, ಗುರುವಾರ. ಏಳು ವರ್ಷದ ಮಕ್ಕಳು ಒಬ್ಬ ಹೆಂಗಸಿನ ಬೆನ್ನು ಉಳಿಸಲು ತಮ್ಮ ಬಾಯಾರಿಕೆಗೆ ವೇಳಾಪಟ್ಟಿ ಹಾಕಿಕೊಂಡಿದ್ದರು. ಇದು ಆ ಶಾಲೆಯ ಬಲವೋ, ಸುಧಾರಿಸಬೇಕಾದ ಅಂಶವೋ, ನೀವೇ ತೀರ್ಮಾನಿಸಿ. ನಿಮ್ಮ ನಮೂನೆಯಲ್ಲಿ ಎರಡೇ ಕಾಲಂ ಇವೆ. ನನಗಂತೂ ಯಾವುದರಲ್ಲಿ ಬರೆಯಬೇಕೆಂದು ತೋಚಲಿಲ್ಲ.

ಮರುದಿನ ವಿರಾಮದ ಹೊತ್ತಿಗೆ ಶಾಲೆಗೆ ಹೋದೆ. ಹತ್ತು ನಿಮಿಷದ ವಿರಾಮ. ಒಂದನೇ ಮತ್ತು ಎರಡನೇ ತರಗತಿಯ ಎಪ್ಪತ್ತು ಚಿಲ್ಲರೆ ಮಕ್ಕಳು ಕಟ್ಟೆಯ ಮುಂದೆ. ಆಯಮ್ಮ, ಐವತ್ತು ದಾಟಿದವರು, ದೊಡ್ಡ ಮಿಸ್ ಕೋಣೆಯ ಸ್ಟೂಲನ್ನು ತಂದು ಕಟ್ಟೆಗೆ ಒತ್ತಿ ಇಟ್ಟಿದ್ದರು. ಒಂದು ಕೈಯಲ್ಲಿ ಅದು ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಮಗುವಿನ ಸೊಂಟ ಹಿಡಿದು ಹತ್ತಿಸುವುದು, ಕುಡಿಸುವುದು, ಇಳಿಸುವುದು. ಸ್ಟೂಲಿನ ಮೇಲೂ ಎಟುಕದ ಮಕ್ಕಳನ್ನು ಎತ್ತುವುದು. "ಬಾ ನನ್ನ ರಾಜಾ, ಬೇಗ ಕುಡಿ, ಹಿಂದೆ ಒಂಟೆ ಸಾಲೇ ನಿಂತಿದೆ" ಎನ್ನುತ್ತಿದ್ದರು. ಸ್ಟೂಲು ಪ್ರತಿ ಮಗುವಿಗೂ ಒಮ್ಮೆ ವಾಲುತ್ತಿತ್ತು. ಆಮೇಲೆ ಕೆಲವು ವಾರ ನೋಡಿದೆ. ಆ ಶುಕ್ರವಾರ ಸಾಸಿವೆಯೇ ಅದರ ಮೇಲಿಂದ ಜಾರಿ ಗಲ್ಲಕ್ಕೆ ಕಟ್ಟೆಯ ಅಂಚು ತಾಗಿಸಿಕೊಂಡಳು. ಅಂದು ಸಂಜೆಯೇ ನನ್ನ ಅಪರಾಧ ಜೀವನ ಆರಂಭವಾಯಿತು. ಎರಡು ದಿನ ಮನೆಯಲ್ಲಿಟ್ಟು ಕಾಲಿಗೆ ಅಂಟು ಹಾಕಿ, ಅಡ್ಡಪಟ್ಟಿ ಕೊಟ್ಟು, ಸ್ಕ್ರೂ ಬಿಗಿದು, ಸೋಮವಾರ ಗಂಟೆ ಹೊಡೆಯುವ ಮೊದಲೇ ತಂದಿಟ್ಟೆ. ನಡುವೆ ಒಂದು ಶನಿವಾರವಿತ್ತು, ಆ ಶನಿವಾರದಲ್ಲಿ ನೀವಿದ್ದಿರಿ.

"ಸ್ಟೂಲ್ ಎಲ್ಲಿ?" ಎಂದು ನೀವು ಆಯಮ್ಮನನ್ನು ಕೇಳಿದಿರಿ. "ಸೋಮವಾರ ಬರುತ್ತೆ ಸಾರ್" ಎಂದರು ಅವರು. ನೀವು ಬರೆದುಕೊಂಡದ್ದು: 'ಸಿಬ್ಬಂದಿಯ ಉತ್ತರ ಅಸಂಬದ್ಧ.' "ನಿಮ್ಮ ಕೆಲಸ ಏನು?" ಎಂದು ಕೇಳಿದಿರಿ. "ಮಕ್ಕಳನ್ನ ಎತ್ತೋದು" ಎಂದರು. ನೀವು ಬರೆದುಕೊಂಡದ್ದು: 'ತಮ್ಮ ಕರ್ತವ್ಯದ ಬಗ್ಗೆ ಸ್ಪಷ್ಟ ತಿಳಿವಳಿಕೆ ಹೊಂದಿಲ್ಲ.' ಮಾನ್ಯರೇ, ಆ ಇಡೀ ಕಟ್ಟಡದಲ್ಲಿ ತನ್ನ ಕರ್ತವ್ಯವನ್ನು ಎರಡೇ ಪದದಲ್ಲಿ ಹೇಳಬಲ್ಲವರು ಅವರೊಬ್ಬರೇ. ನಲ್ಲಿ ಎತ್ತರದಲ್ಲಿದ್ದರೆ ಎತ್ತುವವರು ಬೇಕೇ ಬೇಕು. ನಿಮ್ಮ ಕರ್ತವ್ಯವನ್ನು ಎರಡು ಪದದಲ್ಲಿ ಹೇಳಿ ನೋಡೋಣ.

ವರದಿ ಬಂದ ಮೇಲೆ ದೊಡ್ಡ ಮಿಸ್ ನಿಮ್ಮ ಕಚೇರಿಗೆ ಫೋನು ಮಾಡಿ, "ಸ್ಟೂಲ್ ಇಲ್ಲೇ ಇದೆ" ಎಂದರು. ಗುಮಾಸ್ತರು ಬಂದರು. ಸ್ಟೂಲನ್ನು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. ದಾಸ್ತಾನು ಪುಸ್ತಕ ತೆರೆದು ಓದಿದರು: 'ಮರದ ಸ್ಟೂಲು, ಒಂದು, ಅಲುಗಾಡುವ ಸ್ಥಿತಿ.'

"ಇದು ಅಲುಗಾಡ್ತಾ ಇಲ್ವಲ್ಲ ಮೇಡಂ. ಇದು ಬೇರೆ ಸ್ಟೂಲು."

"ಅದೇ ಸ್ಟೂಲು. ರಿಪೇರಿ ಆಗಿದೆ."

"ರಿಪೇರಿಗೆ ಅನುಮತಿ ಇದೆಯಾ? ಇಲ್ಲ ಅಂದ್ಮೇಲೆ ರಿಪೇರಿ ಆಗಿರೋಕೆ ಸಾಧ್ಯ ಇಲ್ಲ."

ಹೀಗೆ ನಿರ್ವಿವಾದವಾಗಿ ಸಾಬೀತಾದ ಮೇಲೆ, ನನ್ನ ಅಂಟು ಸ್ಕ್ರೂಗಳ ಸಮೇತ ಸ್ಟೂಲನ್ನು 'ವಾರಸುದಾರರಿಲ್ಲದ ವಸ್ತು' ಎಂದು ಚೀಟಿ ಹಚ್ಚಿ ಉಗ್ರಾಣದಲ್ಲಿ ಬೀಗ ಹಾಕಿಟ್ಟಿದ್ದಾರೆ. ಹೋದ ಬುಧವಾರದಿಂದ ಕಟ್ಟೆಯ ಮುಂದೆ ಸ್ಟೂಲಿಲ್ಲ. ಆಯಮ್ಮ ಎಪ್ಪತ್ತನ್ನೂ ಎತ್ತುತ್ತಿದ್ದಾರೆ. ಒಂದನೇ ತಾರೀಖಿನಿಂದ ಎತ್ತುವವರೂ ಇರುವುದಿಲ್ಲ. ಆಗ ನಿಮ್ಮ ಕಟ್ಟೆ ಇನ್ನೂ ಒಣಗಿ ಇನ್ನೂ ಸ್ವಚ್ಛವಾಗಿರುತ್ತದೆ. ಮುಂದಿನ ವರ್ಷ 'ಉತ್ತಮ'ವನ್ನು 'ಅತ್ಯುತ್ತಮ' ಮಾಡಲು ಮರೆಯಬೇಡಿ.

ನಿನ್ನೆ ಆಯಮ್ಮನನ್ನು ಕಂಡು, ಸ್ಟೂಲು ಒಯ್ದವನು ನಾನೇ ಎಂದು ಬರೆದುಕೊಡುತ್ತೇನೆ ಎಂದೆ. ಅವರು ಪೊರಕೆ ಗೋಡೆಗೆ ಒರಗಿಸಿದರು.

"ನೀವು ಒಯ್ದದ್ದು ನಾನು ಕಿಟಕಿಯಿಂದ ನೋಡ್ದೆ ಸಾರ್. ಸೋಮವಾರ ತರ್ತೀವಿ ಅಂತ ನಿಮ್ಮ ಮಗಳೇ ಕೂಗಿ ಹೇಳಿದ್ಲು. ಹೋಗ್ಲಿ ಬಿಡಿ. ಯಾಕೆ ಒಯ್ದ್ರು ಅಂತ ಕೇಳ್ತಾರೆ, ಆಮೇಲೆ ನಲ್ಲಿ ವಿಷಯ ಬರುತ್ತೆ."

"ಬರಲಿ ಬಿಡಿ."

 ಅವರು ಪೊರಕೆ ಎತ್ತಿಕೊಂಡು ಗುಡಿಸತೊಡಗಿದರು.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ. ಆಯಮ್ಮನ ನೋಟೀಸನ್ನು ಶುಕ್ರವಾರದೊಳಗೆ ಹಿಂದಕ್ಕೆ ಪಡೆಯಿರಿ. ಬಲಗಳ ಪಟ್ಟಿಯಲ್ಲಿ ಏಳನೆಯದನ್ನು ಹೊಡೆದುಹಾಕಿ ಆ ಜಾಗದಲ್ಲಿ ಅವರನ್ನು ಬರೆಯಿರಿ. ಸ್ಟೂಲಿಗೆ ಬಿಡುಗಡೆ ಕೊಡಿ. ಇನ್ನೊಮ್ಮೆ ಶಾಲೆಗೆ ಬನ್ನಿ, ಮಕ್ಕಳಿರುವ ದಿನ, ವಿರಾಮದ ಹೊತ್ತಿಗೆ, ಮತ್ತು ಮಂಡಿಯೂರಿ ನಿಂತು ಆ ನಲ್ಲಿಯಿಂದ ನೀರು ಕುಡಿದು ತೋರಿಸಿ. ಕೊನೆಯದಾಗಿ, ಒಂದೇ ಒಂದು ಮಗುವನ್ನೂ ಕಣ್ಣೆತ್ತಿ ನೋಡದೆ ಮಕ್ಕಳ ಕಟ್ಟೆಗೆ ನೂರ ಹನ್ನೆರಡು ಸೆಂಟಿಮೀಟರ್ ಎಂದು ಬರೆದ ಆ ಮಹಾನುಭಾವ ಯಾರೆಂದು ಪತ್ತೆ ಹಚ್ಚಿ, ಅವನ ವಿವರಣೆ ಕೇಳಿ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣವನ್ನು ಎಣಿಸುವುದು ಬೇಡ.

ಪತ್ರ ಇಲ್ಲಿಗೆ ಮುಗಿದಿತ್ತು. ಬೆಳಿಗ್ಗೆ ಹೆಂಡತಿಗೆ ಓದಿ ಹೇಳಿದೆ. ಅವಳು ಮಗಳ ತಲೆ ಬಾಚುತ್ತಿದ್ದಳು.

"ಚೆನ್ನಾಗಿದೆ ರೀ. ಆ ಕಟ್ಟೆ ನಕ್ಷೆ ನಮ್ಮ ಊಟದ ಮೇಜಿನ ಮೇಲೆ ಅಲ್ವಾ ಬರೆದದ್ದು?"

ಮರೆತಿದ್ದೆ ಎಂದು ಬರೆಯಲು ಪೆನ್ನು ಹೊರಟಿತು. ಮರೆತಿರಲಿಲ್ಲ. ಟೇಪಿನ ಮೇಲೆ ಆ ಅಂಕಿ ಕಂಡಾಗಲೇ ಗುರುತು ಹತ್ತಿತ್ತು. ಸ್ಟೂಲನ್ನು ಕೇಳಿ ಪಡೆಯದೆ ಕದ್ದದ್ದೂ ಅದಕ್ಕೇ. ಕೇಳಿದ್ದರೆ ನಲ್ಲಿಯ ಮಾತು ಬರುತ್ತಿತ್ತು. ನಾಲ್ಕು ವರ್ಷದ ಹಿಂದೆ, ಸಾಸಿವೆ ಇನ್ನೂ ಶಾಲೆಗೆ ಸೇರದಿದ್ದಾಗ, ದೊಡ್ಡ ಮಿಸ್ ಕೇಳಿದರೆಂದು ಉಚಿತ ಸೇವೆಯ ಹುಮ್ಮಸ್ಸಿನಲ್ಲಿ ಹೋಗಿದ್ದೆ. ಮಕ್ಕಳಿಗೆ ತೊಂದರೆಯಾಗಬಾರದೆಂದು ಕೆಲಸವನ್ನು ರಜೆಯಲ್ಲೇ ಇಟ್ಟುಕೊಂಡಿದ್ದರು. ಅಳೆಯಲು ಒಂದು ಮಗುವೂ ಇರಲಿಲ್ಲ. ಮೊಣಕೈ ಮಡಿಸಿ, ನನ್ನದೇ ಮೊಣಕೈ ಮಟ್ಟಕ್ಕೆ ಗುರುತು ಹಾಕಿದೆ. ಟೇಪಿನ ಕೆಳತುದಿಯನ್ನು ನೆಲಕ್ಕೆ ಒತ್ತಿ ಹಿಡಿದವರು ಆಯಮ್ಮ.

"ಸಾರ್, ಚಿಕ್ಕ ಮಕ್ಕಳಿಗೆ ಎಟುಕುತ್ತಾ?" ಎಂದು ಕೇಳಿದ್ದರು.

"ಅಳತೆ ನಾನು ನೋಡ್ಕೋತೀನಮ್ಮ. ನೀವು ಟೇಪ್ ನೆಟ್ಟಗೆ ಹಿಡ್ಕೊಳ್ಳಿ" ಎಂದಿದ್ದೆ.

ಅವರು ನೆಟ್ಟಗೇ ಹಿಡಿದಿದ್ದರು. ಆಮೇಲೆ ನಾಲ್ಕು ವರ್ಷ, ಯಾರಿಗೂ ಹೇಳದೆ, ಮಕ್ಕಳನ್ನು ಎತ್ತಿದರು.

ಇಂತಿ,
ಟೇಪಿನ ಮೇಲ್ತುದಿ ಹಿಡಿದಿದ್ದವನು