ಒಂದೇ ದೀಪಕ್ಕೆ ಎರಡು ಸ್ವಿಚ್ಚು

ಏನ್ರೀ,

ಸುಖವಾಗಿ ತಲುಪಿದೆ. ನಮ್ಮ ಪ್ರೋಗ್ರಾಮಿಂಗ್ ಭಾಷೆ ಕಟ್ಟುವವರೆಲ್ಲ ಇಲ್ಲಿ ಸೇರಿದ್ದೇವೆ, ಬೆಳಗಿನಿಂದ ಒಂದೇ ಜಗಳ. ಪಟ್ಟಿಯ ಕೊನೆಯದನ್ನು ತೆಗೆದುಕೊಡುವ ಪುಟ್ಟ ಫಂಕ್ಷನ್ ಒಂದಿದೆ. ಪಟ್ಟಿಯ ಉದ್ದ ಎಣಿಸಿ, ಕಂಪ್ಯೂಟರ್ ಸೊನ್ನೆಯಿಂದ ಎಣಿಸುವುದರಿಂದ ಒಂದು ಕಳೆದು, ಹುಡುಕಿದರೂ ಅದೇ ಸಿಗುತ್ತೆ, ಇದು ದಂಡ, ಕಿತ್ತುಹಾಕಿ ಅಂತ ತಂಡದ ಹಿರಿಯರು ಪಟ್ಟು ಹಿಡಿದರು. ನಾನೂ ಹೂಂ ಅನ್ನುವವಳೇ ಇದ್ದೆ.

ಅಷ್ಟರಲ್ಲಿ ನೀವು ನೆನಪಾದಿರಿ. ನನ್ನ ಸೊಂಟ ಹಿಡಿದುಕೊಂಡಿದ್ದಾಗ ನೀವೇ ಗೋಡೆ ಕೊರೆದು, ಮಂಚದ ಪಕ್ಕ ಅದೇ ದೀಪಕ್ಕೆ ಇನ್ನೊಂದು ಸ್ವಿಚ್ಚು ಹಾಕಿದಿರಲ್ಲ. ಒಂದು ದೀಪಕ್ಕೆ ಎರಡು ಯಾಕೆ ಅಂತ ರೇಗಿದರೆ, "ದೀಪ ಒಂದೇ ಕಣೇ, ಆದ್ರೆ ಏಳೋಳು ನೀನಲ್ವಾ" ಅಂದಿರಿ. ಅದನ್ನೇ ಇದ್ದ ಹಾಗೆ ಹೇಳಿದೆ. ಹಿರಿಯರು ಕನ್ನಡಕ ಒರೆಸಿಕೊಂಡರು. ಆಮೇಲೆ, "ನಮ್ಮನೇಲಿ ಒಂದೇ ಇದೆ. ಅವಳೇ ಏಳ್ತಾಳೆ" ಅಂದರು. ಫಂಕ್ಷನ್ ಉಳಿಯಿತು.

ಈ ರೂಮಿನಲ್ಲೂ ಬಾಗಿಲ ಹತ್ತಿರ ಒಂದೇ ಸ್ವಿಚ್ಚು. ನಿನ್ನೆ ದೀಪ ಆರಿಸಿ ಬರುವಾಗ ಮಂಚಕ್ಕೆ ಬಡಿದು ಮೊಣಕಾಲು ಊದಿದೆ, ಗಾಬರಿಯಾಗಬೇಡಿ. ಸೊಂಟ ಚೆನ್ನಾಗಿದೆ. ಅಂಚೆ ಕಾರ್ಡು ತುಂಬಿತು, ದೀಪ ಆರಿಸೋಕೆ ಏಳಬೇಕು. ಸ್ವಿಚ್ಚೂ ದೂರ, ನೀವೂ ದೂರ.

ನಿಮ್ಮವಳು