ಸೌಟು ಮಕ್ಕಳ ಕೈಗೆ

ಜವನಗೊಂಡನಹಳ್ಳಿ ಹೋಬಳಿ

ಮೇಲ್ವಿಚಾರಕಿ ಮೇಡಂ ಅವರಿಗೆ ನಮಸ್ಕಾರ.

ನಮ್ಮ ಹಟ್ಟಿಯ ಅಂಗನವಾಡಿಗೆ ದಿನಾ ತರಕಾರಿ ಕೊಡುತ್ತೇವೆ ಎಂದಿರಿ, ಕೊಡಲಿಲ್ಲ. ಕೈತೋಟಕ್ಕೆ ಬೀಜ ಎಂದಿರಿ, ಅದೂ ಇಲ್ಲ. ಕೇಳಿದರೆ, "ನಿಮ್ಮ ಮಕ್ಕಳು ಎಲ್ಲ ಆರಿಸಿ ತಟ್ಟೆ ಅಂಚಿಗಿಡ್ತವೆ, ದಂಡ" ಎಂದಿರಿ.

ಇಡುತ್ತಿದ್ದದ್ದು ನಿಜ. ನಾವೇ ಮನೆಯಿಂದ ತಂದ ಸೊಪ್ಪನ್ನು ಮುದ್ದೆಯೊಳಗೆ ಸೇರಿಸಿ ಏಮಾರಿಸಲು ಹೋದೆವು. ಮುದ್ದೆ ನುಂಗುವಂಥದ್ದು, ಅಗಿಯುವಂಥದ್ದಲ್ಲ. ಗಂಟಲಿಗೆ ನಾರು ಸಿಕ್ಕಿ ಮಕ್ಕಳೆಲ್ಲ ಉಗಿದವು. ಆಮೇಲೆ ಅಡುಗೆ ಮಾಡುವ ಕೆಂಚಕ್ಕ, "ಸೌಟು ಅವುಕ್ಕೇ ಕೊಡ್ರಿ, ನೋಡಾಣ" ಎಂದಳು. ಈಗ ದಿನಕ್ಕೊಂದು ಮಗು ಬಡಿಸುತ್ತದೆ. "ಲೇ, ನಾ ಬಡಿಸಿದ್ದು ಬಿಟ್ರೆ ನಾಳೆ ನೀ ಬಡಿಸಿದ್ದು ನಾನೂ ಉಣ್ಣಲ್ಲ" ಎಂದು ದಬಾಯಿಸುತ್ತದೆ. ತಟ್ಟೆಗಳು ಖಾಲಿ.

ನಮ್ಮ ಕೇರಿಯವರು ಮುಟ್ಟಿದ್ದನ್ನು ಉಣ್ಣದ ಮನೆಗಳ ಮಕ್ಕಳೂ ನನ್ನ ಮಗಳು ಪ್ರೀತಿ ಬಡಿಸಿದ ಬದನೆಕಾಯಿಯನ್ನು ಕೇಳಿ ಹಾಕಿಸಿಕೊಳ್ಳುತ್ತಿವೆ. ದೊಡ್ಡವರಾದ ನಮ್ಮಿಂದ ಇದು ಆಗಿರಲಿಲ್ಲ.

ಈ ತರಕಾರಿ ನಮ್ಮ ಹಿತ್ತಲುಗಳದ್ದು, ಬೇಸಿಗೆಗೆ ಮುಗಿಯುತ್ತದೆ. ನೀವು ಕೊಡಬೇಕಾದ್ದನ್ನು ಕೊಡಿ. ತಾಯಂದಿರ ಸಭೆಗೆ ಬಂದು, ಮಕ್ಕಳ ಸಾಲಿನಲ್ಲೇ ಕೂತು ಉಣ್ಣಿ. ಅಂದು ಬಡಿಸುವ ಸರದಿ ಪ್ರೀತಿಯದು. ಬರುವ ಸೋಮವಾರ, ಮಧ್ಯಾಹ್ನ ಹನ್ನೆರಡೂವರೆಗೆ.

ಓಬಮ್ಮ
ತಾಯಂದಿರೆಲ್ಲರ ಪರವಾಗಿ